ಅಪ್‌ಡೇಟ್: ಮೆಣಸಿನ ಹಣ ಯಾವ ಸಾಲಕ್ಕೆ ಹೋಯಿತು

ಕಾಳುಮೆಣಸು ಮಾರಿ ಬಂದ 1,80,000 ರೂಪಾಯಿಯಲ್ಲಿ ಯಾವ ಸಾಲ ಮೊದಲು ತೀರಿಸಲಿ ಎಂದು ಮೂಡಿಗೆರೆಯಿಂದ ಕೇಳಿದ್ದವನು ನಾನೇ. ಬಡ್ಡಿ ಹೆಚ್ಚಿರುವುದನ್ನು ಮೊದಲು ಮುಗಿಸಿ ಎಂದಿರಿ. ಕ್ರೆಡಿಟ್ ಕಾರ್ಡಿನ 64,000 ಕಟ್ಟಿದೆ. ತಿಂಗಳಿಗೆ ಶೇ 3.5 ಎಂದರೆ ವರ್ಷಕ್ಕೆ ಶೇ 42 ಎಂದು ಲೆಕ್ಕ ಹಾಕಿಯೇ ಇರಲಿಲ್ಲ! ನಂತರ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿಯ ಕೈಸಾಲ, ಒಂದು ಲಕ್ಷ.

ಅಮ್ಮನಿಗೆ ಮುನಿಸು. ಅಡವಿಟ್ಟ ಸರ ಮೊದಲು ಬರಬೇಕಿತ್ತಂತೆ. ಅದು ಶೇ 9ರ ಸಾಲ, ಕಾಯಬಹುದು ಎಂದೆ. ‘ಮದುವೆ ಮನೆಗೆ ಶೇಕಡಾ ತೊಟ್ಟು ಹೋಗಲೇನೋ?’ ಎಂದರು.

ಸೊಸೈಟಿಯ ಬೆಳೆಸಾಲಕ್ಕೆ ಗಡುವಿನೊಳಗೆ ಕಟ್ಟಿದರೆ ಬಡ್ಡಿಯಿಲ್ಲ, ತಪ್ಪಿದರೆ ಆ ರಿಯಾಯಿತಿಯೂ ಇಲ್ಲ. ಉಳಿದ 16,000 ಅದಕ್ಕೆಂದೇ ಎತ್ತಿಟ್ಟಿದ್ದೇನೆ. ಬಾಕಿಗೆ ಮನೆಯಲ್ಲಿ ಮೂಟೆ ಕಟ್ಟಿಟ್ಟ ರೋಬಸ್ಟಾ ಕಾಫಿ ಚೆರಿ ಮಾರಬೇಕು.