ಹಳೇ ಪವರ್ ಪ್ರೆಸ್‌ಗೆ ಸೆನ್ಸರ್ ಹಾಕಿಸಿದರೆ ಸಾಕಾ?

ಪ್ರಶ್ನೆ (ಶಾಪ್ ಮಾಲೀಕರು, ಪೀಣ್ಯ): ನಮಸ್ಕಾರ ಸರ್. ನಮ್ಮದು ಸಣ್ಣ ಶೀಟ್ ಮೆಟಲ್ ಶಾಪ್. ಇರೋದೆಲ್ಲ ಹಳೇ ಸಿ-ಫ್ರೇಮ್ ಪ್ರೆಸ್‌ಗಳು, ಪಿನ್ ಕ್ಲಚ್, ಫುಟ್ ಪೆಡಲ್. ಮೊನ್ನೆ ಪಕ್ಕದ ಶೆಡ್‌ನಲ್ಲಿ ಒಬ್ಬ ಹುಡುಗನ ಎರಡು ಬೆರಳು ಹೋದವು. ನಮಗೆ ಆರ್ಡರ್ ಕೊಡೋ ಕಂಪನಿಯ ಆಡಿಟರ್ ಲೈಟ್ ಕರ್ಟನ್ (ಬೆಳಕಿನ ಕಿರಣಕ್ಕೆ ಕೈ ಅಡ್ಡ ಬಂದರೆ ಪ್ರೆಸ್ ನಿಲ್ಲಿಸೋ ಸೆನ್ಸರ್) ಹಾಕಿಸಿ ಅಂತಿದ್ದಾರೆ. ಹಾಕಿಸಿಬಿಟ್ಟರೆ ನಿಶ್ಚಿಂತೆನಾ?

ಉತ್ತರ (ಸೇಫ್ಟಿ ಆಫೀಸರ್): ಅಡ್ವಾನ್ಸ್ ಕೊಟ್ಟಿಲ್ಲ ತಾನೇ? ಕೊಡಬೇಡಿ. ಪಿನ್ ಕ್ಲಚ್ ಅಂದರೆ ತಿರುಗ್ತಿರೋ ಫ್ಲೈವೀಲ್‌ಗೆ (ಭಾರದ ಚಕ್ರ) ಕ್ರ್ಯಾಂಕನ್ನ ಪಿನ್‌ನಿಂದ ಸಿಕ್ಕಿಸೋದು; ಒಂದು ಸಲ ಹಿಡಿದರೆ ಕ್ರ್ಯಾಂಕ್ ಪೂರ್ತಿ ಸುತ್ತು ಮುಗಿಸಿಯೇ ಬಿಡೋದು. ಕೈ ಅಡ್ಡ ಬಂತು ಅಂತ ಸೆನ್ಸರ್ ಕೂಗಿಕೊಂಡರೂ, ಮೇಲಿಂದ ಇಳಿದು ಬಡಿಯೋ ರ‍್ಯಾಮ್‌ನ ನಡುವೆ ನಿಲ್ಲಿಸೋ ದಾರಿಯೇ ಆ ಪ್ರೆಸ್‌ನಲ್ಲಿಲ್ಲ. ಲೈಟ್ ಕರ್ಟನ್ ಏನಿದ್ದರೂ ಸ್ಟ್ರೋಕ್ ನಡುವೆ ನಿಲ್ಲಿಸಬಹುದಾದ ಏರ್ ಕ್ಲಚ್-ಬ್ರೇಕ್ ಇರೋ ಪ್ರೆಸ್‌ಗೆ. ಅಲ್ಲೂ ಲೆಕ್ಕ ಇದೆ. ಕೈ ಸೆಕೆಂಡಿಗೆ 1.6 ಮೀಟರ್ ವೇಗದಲ್ಲಿ ನುಗ್ಗುತ್ತೆ ಅಂತ ಹಿಡೀತೀವಿ. ಪ್ರೆಸ್ ನಿಲ್ಲೋಕೆ 0.2 ಸೆಕೆಂಡ್ ಬೇಕಾದರೆ, ಡೈಯಿಂದ (ಪೀಸ್‌ಗೆ ಆಕಾರ ಕೊಡೋ ಅಚ್ಚು) 320 ಮಿ.ಮೀ.ಗಿಂತ ಹತ್ತಿರ ಕರ್ಟನ್ ಇಟ್ಟರೆ ಅದು ಬರೀ ಅಲಂಕಾರ.

ನಿಮ್ಮ ಪ್ರೆಸ್‌ಗೆ ಬೇಕಿರೋದು ಕೈ ಒಳಗೆ ಹೋಗದ ಹಾಗೆ ಡೈ ಮುಚ್ಚೋದು. ಪಟ್ಟಿ ತಳ್ಳಿ ಬ್ಲ್ಯಾಂಕಿಂಗ್ (ಶೀಟ್‌ನಿಂದ ಪೀಸ್ ಕತ್ತರಿಸೋದು) ಮಾಡೋ ಕೆಲಸವಾದರೆ ಡೈ ಸುತ್ತ ಫಿಕ್ಸೆಡ್ ಗಾರ್ಡ್ ಕಟ್ಟಿಸಿ, ಡೈ ಹತ್ತಿರ ಪಟ್ಟಿ ಹೋಗೋ ಸಂದು 6 ಮಿ.ಮೀ. ದಾಟದಿರಲಿ. ಬೆಂಡಿಂಗ್ ಥರ ಒಂದೊಂದೇ ಪೀಸ್ ಇಡೋ ಕೆಲಸಕ್ಕೆ ಇಂಟರ್‌ಲಾಕ್ ಗೇಟ್: ಗೇಟ್ ಮುಚ್ಚದೆ ಕ್ಲಚ್ ಹಿಡಿಯಬಾರದು, ಸ್ಟ್ರೋಕ್ ಮುಗಿಯದೆ ಗೇಟ್ ತೆಗೆಯಬಾರದು. ಪೀಸ್ ಎತ್ತೋಕೆ ಕೈಗೆ ಮ್ಯಾಗ್ನೆಟ್ ಕಡ್ಡಿ ಕೊಡಿ. ಗ್ಲೌಸ್ ನಂಬಿಕೊಂಡು ಕೂರಬೇಡಿ, 30 ಟನ್ ಪ್ರೆಸ್‌ಗೆ ಗ್ಲೌಸ್ ಯಾವ ಲೆಕ್ಕ?

ಪ್ರಶ್ನೆ (ಅದೇ ಮಾಲೀಕರು): ಹಾಗಾದ್ರೆ ಪೆಡಲ್ ತೆಗೆದು ಎರಡು ಕೈಯ ಬಟನ್ ಹಾಕಿಸಲಾ ಸರ್? ಖರ್ಚೂ ಕಮ್ಮಿ.

ಉತ್ತರ: ನಿಮಿಷಕ್ಕೆ 60 ಸ್ಟ್ರೋಕ್ ಹೊಡೆಯೋ ಪ್ರೆಸ್, ಒಂದು ಸುತ್ತಿನಲ್ಲಿ ಒಂದೇ ಕಡೆ ಹಿಡಿಯೋ ಕ್ಲಚ್ ಅಂದುಕೊಳ್ಳಿ. ಬಟನ್ ಒತ್ತಿದ ಮೇಲೆ ಪಿನ್ ಕೂರೋಕೆ ಒಂದು ಪೂರ್ತಿ ಸುತ್ತು ಕಾಯಬೇಕಾಗಬಹುದು, ಆಮೇಲೆ ಕೆಳಗಿಳಿಯೋಕೆ ಅರ್ಧ ಸುತ್ತು. ಒಟ್ಟು ಒಂದೂವರೆ ಸೆಕೆಂಡ್. ಅಷ್ಟರಲ್ಲಿ ಬಟನ್ ಬಿಟ್ಟ ಕೈ ಅದೇ 1.6ರ ವೇಗದಲ್ಲಿ 2.4 ಮೀಟರ್ ದಾಟಿರುತ್ತೆ. ಅಷ್ಟು ದೂರ ಬಟನ್ ಇಟ್ಟು ಯಾರು ಪೀಸ್ ಹೊಡೀತಾರೆ? ಪಕ್ಕದಲ್ಲಿ ನಿಂತ ಹೆಲ್ಪರ್ ಕೈಗಂತೂ ಬಟನ್‌ನಿಂದ ಯಾವ ರಕ್ಷಣೆಯೂ ಇಲ್ಲ.

ಪ್ರಶ್ನೆ (ಪ್ರೆಸ್ ಆಪರೇಟರ್, ಹುಬ್ಬಳ್ಳಿ): ಸರ, ನಮ್ಮ ಪ್ರೆಸ್ ಪೆಡಲ್ ಮ್ಯಾಲಿಂದ ಕಾಲ್ ತಗದ್ರೂ ಒಮ್ಮೊಮ್ಮೆ ಎರಡನೇ ಸಲ ಬೀಳ್ತದ್ರಿ. ಸೂಪರ್‌ವೈಸರ್ ಗ್ರೀಸ್ ಹಚ್ಚಿ ಹೊಡಿ ಅಂತಾರ.

ಉತ್ತರ: ಅಣ್ಣಾ, ಆ ಪ್ರೆಸ್ ಈಗಲೇ ಬಂದ್ ಮಾಡಿ. ಪಿನ್ ಹಿಂದಕ್ಕೆ ಎಳೆಯೋ ಲಾಚ್ ಸವೆದಿರಬೇಕು, ಇಲ್ಲ ಸ್ಪ್ರಿಂಗ್ ಮುರಿದಿರಬೇಕು, ಇಲ್ಲ ಕ್ರ್ಯಾಂಕ್ ಬ್ರೇಕ್ ಸಡಿಲ ಆಗಿರಬೇಕು. ಗ್ರೀಸ್ ಆ ಬ್ರೇಕ್ ಲೈನಿಂಗ್‌ಗೆ ಇಳಿದರೆ ಇನ್ನೂ ಜಾರುತ್ತೆ, ರೋಗ ಹೆಚ್ಚುತ್ತೆ. ಮೋಟರ್ ಆಫ್ ಮಾಡಿದ ತಕ್ಷಣ ಕೈ ಹಾಕಬೇಡಿ, ಫ್ಲೈವೀಲ್ ಪೂರ್ತಿ ನಿಲ್ಲಲಿ, ರ‍್ಯಾಮ್ ಕೆಳಗೆ ಸೇಫ್ಟಿ ಬ್ಲಾಕ್ ಕೊಡಿ. ಸೂಪರ್‌ವೈಸರ್‌ಗೆ ಬಾಯಲ್ಲಿ ಹೇಳಿ ಬಿಡಬೇಡಿ. ತಾರೀಖು ಹಾಕಿ ಬರೆದು ಕೊಡಿ, ಒಂದು ಪ್ರತಿ ನಿಮ್ಮ ಹತ್ರ ಇರಲಿ.

ಪ್ರಶ್ನೆ (ಮಾಲೀಕರು): ಗಾರ್ಡ್ ಹಾಕಿದರೂ ಹುಡುಗರು ಕಿತ್ತು ಪಕ್ಕಕ್ಕಿಡ್ತಾರೆ ಸರ್, ಅದಕ್ಕೇನ್ಮಾಡೋದು?

ಉತ್ತರ: ಪೀಸ್ ರೇಟ್ ಕೊಡ್ತಿದ್ದೀರಾ? ಹಾಗಿದ್ದರೆ ಗಾರ್ಡ್ ಕೀಳೋಕೆ ದುಡ್ಡು ಕೊಡ್ತಿರೋರು ನೀವೇ. ಗಾರ್ಡ್ ಹಾಕಿದ ಮೇಲೆ ಒಂದು ಗಂಟೆ ನೀವೇ ಕೂತು ಪೀಸ್ ಹೊಡೀರಿ, ಎಲ್ಲಿ ತಡ ಆಗುತ್ತೆ ಗೊತ್ತಾಗುತ್ತೆ. ಅದನ್ನ ಸರಿ ಮಾಡಿ, ಟಾರ್ಗೆಟ್ ಇಳಿಸಿ. ಹುಡುಗ ಕಿತ್ತ ಅಂತ ಹೇಳಿ ತಪ್ಪಿಸಿಕೊಳ್ಳೋಕಾಗಲ್ಲ. ಗಾರ್ಡ್ ಹಾಕಿಸಿ ಸುಸ್ಥಿತಿಯಲ್ಲಿಡೋ ಹೊಣೆಯನ್ನ 1948ರ ಫ್ಯಾಕ್ಟರಿ ಕಾಯ್ದೆಯೇ ಕಾರ್ಖಾನೆ ನಡೆಸೋರ ಮೇಲೆ ಹಾಕಿತ್ತು.

ಪ್ರಶ್ನೆ (ಇನ್ನೊಬ್ಬರು): ಆ ಪಕ್ಕದ ಶೆಡ್ ಹುಡುಗ ಕೆಲಸಕ್ಕೆ ಸೇರಿ ತಿಂಗಳೂ ಆಗಿರಲಿಲ್ಲವಂತೆ. ಇಎಸ್‌ಐ ಸಿಗುತ್ತಾ?

ಉತ್ತರ: ಶೆಡ್ ಇಎಸ್‌ಐ ವ್ಯಾಪ್ತಿಗೆ ಬರೋದಾದರೆ ಸಿಗುತ್ತೆ. ಕೆಲಸದಲ್ಲಾದ ಗಾಯಕ್ಕೆ ಇಷ್ಟು ತಿಂಗಳು ಕಂತು ಕಟ್ಟಿರಬೇಕು ಅನ್ನೋ ಷರತ್ತಿಲ್ಲ. ವಾಸಿಯಾಗೋವರೆಗೆ ಸಂಬಳದ ಶೇ 90ರಷ್ಟು, ಬೆರಳು ಹೋಗಿರೋದಕ್ಕೆ ಮೆಡಿಕಲ್ ಬೋರ್ಡ್ ನಿರ್ಧರಿಸೋ ಶಾಶ್ವತ ಅಂಗವೈಕಲ್ಯದ ಪರಿಹಾರ ಬೇರೆ. ಮಾಲೀಕರು ಆಕ್ಸಿಡೆಂಟ್ ರಿಪೋರ್ಟ್ ಹಾಕಿದ್ದಾರಾ ಅಂತ ಮೊದಲು ವಿಚಾರಿಸಿ. ಆಸ್ಪತ್ರೆ ಚೀಟಿಯಲ್ಲಿ 'ಮನೇಲಿ ಬಾಗಿಲಿಗೆ ಸಿಕ್ಕಿ' ಅಂತ ಬರೆಸೋರಿದ್ದಾರೆ, ಅದನ್ನೂ ನೋಡಿಕೊಳ್ಳಿ.