ಪದಚರ್ಚೆ: ಸೀಸದ ಕುಲುಮೆಯ ‘ಕಂಟ್ರೋಲ್’ಗೆ ಏನನ್ನೋಣ?

ಗೆಳೆಯರೇ,

ಸೀಸ ಕರಗಿಸುವ ಒಂದು ಹಳೇ ಕರೆಂಟ್ ಕುಲುಮೆಯ ಕಾವಿನ ಕಂಟ್ರೋಲ್ ರಿಪೇರಿ ಬಗ್ಗೆ ಕನ್ನಡದಲ್ಲಿ ಪುಟ್ಟ ಕೈಪಿಡಿ ಬರೆಯುತ್ತಿದ್ದೇನೆ. ಕುಲುಮೆಯ ಮುಂದೆ ನಿಂತು ಕೆಲಸ ಮಾಡುವವರೇ ಅದನ್ನು ಓದುವವರು. ಕೆಲವು ಪದಗಳಿಗೆ ನಿಮ್ಮ ಸಲಹೆ ಬೇಕು.

ಮೊದಲನೆಯದೇ ದೊಡ್ಡದು. ಕಂಟ್ರೋಲ್‌ನಲ್ಲಿ ಎರಡು ಜಾತಿ ಇವೆ. ಎಷ್ಟೋ ಹಳೇ ಕುಲುಮೆಗಳಲ್ಲಿ 1ರಿಂದ 10ರವರೆಗೆ ಅಂಕಿ ಬರೆದ ಒಂದು ತಿರುಗುಣಿ ಇರುತ್ತದೆ. ಒಳಗೆ ಎರಡು ಲೋಹ ಬೆಸೆದ ಒಂದು ಪಟ್ಟಿ, ಅದಕ್ಕೆ ತನ್ನದೇ ಪುಟ್ಟ ಹೀಟರ್. ಪಟ್ಟಿ ಬಿಸಿಯಾಗಿ ಬಾಗಿದರೆ ಕುಲುಮೆಗೆ ಕರೆಂಟ್ ಕಟ್, ತಣ್ಣಗಾದರೆ ಮತ್ತೆ ಆನ್. ಗಮನಿಸಿ, ಆ ಪಟ್ಟಿ ಸೀಸದ ಕಾವನ್ನು ನೋಡುವುದೇ ಇಲ್ಲ. ಪಾತ್ರೆ ತುಂಬಾ ಸೀಸ ಇದ್ದರೂ, ತಳದಲ್ಲಿ ಒಂದಿಷ್ಟೇ ಉಳಿದಿದ್ದರೂ, 6ರಲ್ಲಿಟ್ಟರೆ ಅದು ಕೊಡುವ ಕರೆಂಟ್ ಒಂದೇ. ಸೀಸ ಖಾಲಿಯಾಗುತ್ತಾ ಬಂದಂತೆ ಕಾವು ಏರುತ್ತದೆ. ಎರಡನೇ ಜಾತಿ ಮಾತ್ರ ಕಾವನ್ನು ನಿಜವಾಗಿ ಅಳೆದು, ಇಟ್ಟ ಗುರುತು ಮುಟ್ಟಿದಾಗ ಕರೆಂಟ್ ನಿಲ್ಲಿಸುತ್ತದೆ.

‘ತಾಪ ನಿಯಂತ್ರಕ’ ಅಂತ ಬರೆದರೆ ಎರಡೂ ಒಂದೇ ಆಗಿಬಿಡುತ್ತವೆ. ಇದು ಬರೀ ಪದದ ತಕರಾರಲ್ಲ. ಸೀಸ ಕರಗುವುದು 327 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ. ಕಾವು ಏರಿದಷ್ಟೂ ಹೊಗೆ ಜಾಸ್ತಿ, 500 ದಾಟಿದರಂತೂ ಅಪಾಯ ತುಂಬಾ ಹೆಚ್ಚು. ಆ ಹೊಗೆ ಕಣ್ಣಿಗೆ ಕಾಣಲೇಬೇಕು ಅಂತೇನೂ ಇಲ್ಲ. ಕಿಟ್ಟ (ಮೇಲೆ ತೇಲುವ ಕೊಳೆ) ತೆಗೆದ ಹೊಳೆಯುವ ಮೈ ಮೇಲೆ ಹಳದಿ, ನೇರಳೆ, ನೀಲಿ ಬಣ್ಣದ ತೆಳು ಪೊರೆ ಬೇಗ ಬೇಗ ಕಟ್ಟಿದರೆ ಕಾವು ಮೀರಿದೆ ಅಂತ ಅರ್ಥ. ‘ನಿಯಂತ್ರಕ ಇದೆಯಲ್ಲ’ ಅಂತ ನಂಬಿ ನಿಂತವರು ಆ ಬಣ್ಣ ನೋಡಿಯೂ ಸುಮ್ನೆ ಇರುತ್ತಾರೆ. ಹೆಸರೇ ಅವರಿಗೆ ಸುಳ್ಳು ಧೈರ್ಯ ಕೊಟ್ಟಂತಾಗುತ್ತದೆ, ಅಲ್ವಾ?

ಮೊದಲನೆಯದಕ್ಕೆ ‘ಪಾಳಿ ಸ್ವಿಚ್’ ಅನ್ನೋಣ ಅಂತ ನನ್ನ ಆಲೋಚನೆ. ಅದು ಮಾಡುವುದು ಅಷ್ಟೇ: ಸ್ವಲ್ಪ ಹೊತ್ತು ಆನ್, ಸ್ವಲ್ಪ ಹೊತ್ತು ಆಫ್. ಎರಡನೆಯದಕ್ಕೆ ‘ಕಾವು ಕಾಯುವ ಸ್ವಿಚ್’ ಅಂತ ಬರೆದು ನೋಡಿದೆ. ಕೇಳೋಕೆ ಚೆನ್ನಾಗಿದೆ. ಆದರೆ ಕನ್ನಡದಲ್ಲಿ ಕಾಯುವುದು ಅಂದರೆ ಕಾವಲಿರುವುದೂ ಹೌದು, ಬಿಸಿಯಾಗುವುದೂ ಹೌದು. ‘ಸ್ವಿಚ್ ಕಾಯುತ್ತಿದೆ’ ಅಂತ ಓದಿದವರು ಪ್ಯಾನಲ್ ಮುಟ್ಟಿ ನೋಡಬಹುದು! ಹಾಗಾಗಿ ಸದ್ಯಕ್ಕೆ ‘ಕಾವು ನೋಡುವ ಸ್ವಿಚ್’ ಅಂತ ಇಟ್ಟುಕೊಂಡಿದ್ದೇನೆ. ಇದಕ್ಕಿಂತ ಚಿಕ್ಕದು ಇದ್ದರೆ ಹೇಳಿ.

ಇನ್ನೊಂದು ಪದ. 400ಕ್ಕೆ ಆಫ್ ಆದ ಹೀಟರ್ 380ಕ್ಕೆ ಇಳಿದ ಮೇಲೆ ಮತ್ತೆ ಆನ್ ಆಗುತ್ತದೆ ಅಂದುಕೊಳ್ಳಿ. ನಡುವಿನ ಆ 20 ಡಿಗ್ರಿಗೆ ಏನನ್ನಬೇಕು? ‘ಅಂತರ’ ಅಂದರೆ ಯಾವುದರ ಅಂತರ ಅಂತ ಮತ್ತೆ ಹೇಳಬೇಕು. ‘ಓಲಾಟ’ ಅಂದರೆ ಏನೋ ಕೆಟ್ಟಿದೆ ಅನಿಸುತ್ತದೆ. ಅದು ಬೇಕೆಂದೇ ಇಟ್ಟದ್ದು, ಇಲ್ಲದಿದ್ದರೆ ಸ್ವಿಚ್ಚಿನ ಕಾಂಟ್ಯಾಕ್ಟ್ (ಕೂಡಿ ಬಿಡುವ ತುದಿ) ಪಟಪಟ ಬಡಿದುಕೊಂಡು ಸುಟ್ಟುಹೋಗುತ್ತದೆ. ನನಗೆ ‘ಬಿಡುವು’ ಹಿಡಿಸಿದೆ. ‘ಬಿಡುವು 20 ಡಿಗ್ರಿ ಇಡಿ’ ಅಂದರೆ ತಿಳಿಯುತ್ತದಾ?

ಹೀಟರ್ ಆಫ್ ಆದ ಮೇಲೂ ಸುರುಳಿಯಲ್ಲಿ, ಕಬ್ಬಿಣದ ಪಾತ್ರೆಯಲ್ಲಿ ಉಳಿದ ಬಿಸಿ ಸೀಸಕ್ಕೆ ಇಳಿದು ಕಾವು ಗುರುತು ದಾಟುವುದಿದೆ. ಅದಕ್ಕೆ ‘ಮೀರಿಕೆ’ ಸಾಕು ಅನಿಸುತ್ತದೆ.

ಥರ್ಮೋಕಪಲ್‌ಗೆ (ಕಾವು ಅಳೆಯುವ, ಎರಡು ಬೇರೆ ಲೋಹದ ತಂತಿಗಳ ಜೋಡಿ) ‘ಉಷ್ಣಯುಗ್ಮ’ ಬೇಡ, ಅಂಗಡಿಯಲ್ಲಿ ಕೇಳುವ ಹೆಸರೇ ಇರಲಿ. ಆದರೆ ಅದರ ತಂತಿಗಳ ವಿಷಯ ಎಚ್ಚರಿಕೆಯಿಂದ ಬರೆಯಬೇಕು. ಅಮೆರಿಕದ ಬಣ್ಣದ ಪದ್ಧತಿಯಲ್ಲಿ ಕೆಂಪು ತಂತಿ ಮೈನಸ್. ಬ್ಯಾಟರಿ ನೆನಪಿನಲ್ಲಿ ಕೆಂಪನ್ನು ಪ್ಲಸ್‌ಗೆ ಕೊಟ್ಟರೆ, ಸೀಸ ಬಿಸಿಯಾದಂತೆ ಮೀಟರ್ ಅಂಕಿ ಇಳಿಯುತ್ತದೆ, ಹೀಟರ್ ಉರಿಯುತ್ತಲೇ ಇರುತ್ತದೆ. ಕೆ ಜಾತಿಯ ಥರ್ಮೋಕಪಲ್ ಆದರೆ ತಣ್ಣಗಿರುವಾಗ ಆಯಸ್ಕಾಂತ ಹಿಡಿದು ನೋಡಿ. ಅಂಟುವ ತಂತಿ ಮೈನಸ್. ‘ಧನ’, ‘ಋಣ’ ಅಂತ ಬರೆಯುವ ಬದಲು ‘ಅಂಟುವ ತಂತಿ’, ‘ಅಂಟದ ತಂತಿ’ ಅಂತಲೇ ಬರೆದಿದ್ದೇನೆ.

ಕೊನೆಯದಾಗಿ, ‘ಅಂಟಿಕೊಂಡಿದೆ’ ಅನ್ನೋ ಮಾತು. ಹೀಟರ್‌ಗೆ ಕರೆಂಟ್ ಕೊಟ್ಟು ಕಡಿಯುವ ದೊಡ್ಡ ಸ್ವಿಚ್, ಅಂದರೆ ಹಳೇ ಕಾಂಟ್ಯಾಕ್ಟರ್‌ನ ತುದಿಗಳು ಕಿಡಿಗೆ ಕರಗಿ ಒಂದಕ್ಕೊಂದು ಅಂಟಿ, ಹೀಟರ್ ಆಫ್ ಆಗದೆ ಉಳಿದರೆ ಈ ಮಾತು ಸರಿ. ಆದರೆ ಸಾಲಿಡ್ ಸ್ಟೇಟ್ ರಿಲೇ (ಅಲುಗುವ ಭಾಗವಿಲ್ಲದ ಎಲೆಕ್ಟ್ರಾನಿಕ್ ಸ್ವಿಚ್) ಕೆಟ್ಟಾಗಲೂ ಸಾಮಾನ್ಯವಾಗಿ ಹೀಗೇ, ಆನ್ ಆಗಿಯೇ ನಿಲ್ಲುತ್ತದೆ. ಅದರಲ್ಲಿ ಅಂಟಲು ತುದಿಗಳೇ ಇಲ್ಲ. ಎರಡಕ್ಕೂ ಹೊಂದುವ ಒಂದು ಮಾತು ಬೇಕು. ಯಾಕೆಂದರೆ ಮುಂದಿನ ಸಾಲು ಹೀಗಿದೆ: ‘ಇದು ಹೀಗೆ ಆದಾಗ ಕರೆಂಟ್ ಕಡಿಯಲು, ಬೇರೆಯದೇ ಥರ್ಮೋಕಪಲ್ ಮತ್ತು ಕಾಂಟ್ಯಾಕ್ಟರ್ ಇರುವ ಇನ್ನೊಂದು ಕಟ್-ಆಫ್ ಕಡ್ಡಾಯ.’ ಆ ‘ಹೀಗೆ ಆದಾಗ’ ಅನ್ನುವ ಜಾಗಕ್ಕೆ ‘ಆನ್‌ನಲ್ಲೇ ನಿಂತರೆ’ ಅಂತ ಹಾಕಬಹುದಾ? ಇಂಥ ಕುಲುಮೆಗಳ ಹತ್ತಿರ ಕೆಲಸ ಮಾಡಿದವರು ಏನನ್ನುತ್ತೀರಿ, ದಯವಿಟ್ಟು ತಿಳಿಸಿ.