ಮೊದಲ ಜಿಂಕೆ ರೈಫಲ್: ಯಾವ ಕ್ಯಾಲಿಬರ್, ಯಾರ ಹೆಗಲಿಗೆ?

ಪ್ರಶ್ನೆ, ಹ್ಯಾರಿಸ್‌ಬರ್ಗ್‌ನಿಂದ:

ನಮಸ್ಕಾರ. ಪೆನ್ಸಿಲ್ವೇನಿಯಾದಲ್ಲಿದ್ದೇವೆ, ಗ್ರೀನ್ ಕಾರ್ಡ್ ಬಂದು ಎರಡು ವರ್ಷ ಆಯ್ತು. ಪಕ್ಕದ ಮನೆಯ ಹಿರಿಯರೊಬ್ಬರು ಈ ಸಲ ಥ್ಯಾಂಕ್ಸ್‌ಗಿವಿಂಗ್ ಮುಗಿದ ಶನಿವಾರ ಪೆರಿ ಕೌಂಟಿಯಲ್ಲಿರುವ ತಮ್ಮ ಜಮೀನಿಗೆ ಜಿಂಕೆ ಬೇಟೆಗೆ ಕರೆದಿದ್ದಾರೆ. ಹಂಟರ್ ಎಜುಕೇಶನ್ ಕೋರ್ಸ್ ಮುಗಿಸಿದ್ದೇನೆ, ಸ್ವಂತ ರೈಫಲ್ ಇಲ್ಲ. ಒಬ್ಬರು .30-06 ತೋಟಾದ ರೈಫಲ್ ಬಿಟ್ಟು ಬೇರೆ ನೋಡಲೇಬೇಡ ಅಂತಾರೆ, ಇನ್ನೊಬ್ಬರು 6.5 ಕ್ರೀಡ್‌ಮೂರ್ ಅಂತಾರೆ. ನನ್ನ ಎತ್ತರ 5 ಅಡಿ 5 ಇಂಚು, ತೂಕ 62 ಕೆಜಿ. ಸ್ಕೋಪ್ (ಗುರಿಯಿಡುವ ದುರ್ಬೀನು) ಸೇರಿ 800 ಡಾಲರ್ ದಾಟಬಾರದು. ಇದಕ್ಕೆ ಮೊದಲು ನಾನು ಮುಟ್ಟಿದ ಕೋವಿ ಅಂದ್ರೆ ತೀರ್ಥಹಳ್ಳಿ ಕಡೆ ಅಜ್ಜನ ಮನೆಯ ಗೋಡೆಗೆ ತೂಗುಹಾಕಿದ್ದ ಕೇಪಿನ ಕೋವಿ ಒಂದೇ. ಅನುಭವ ಇದ್ದವರು ದಯವಿಟ್ಟು ಹೇಳಿ.

ಲ್ಯಾಂಕಾಸ್ಟರ್‌ನಿಂದ:

ಈ ಕಾಡುಗಳಲ್ಲಿ ಕೂರಲು ಶುರುಮಾಡಿ ನನಗೆ ಹನ್ನೊಂದು ಸೀಸನ್ ಆಯ್ತು. ನಿಮ್ಮ ಪ್ರಶ್ನೆಯನ್ನೇ ನಾನು ಅಂಗಡಿಯ ಕೌಂಟರ್‌ನಲ್ಲಿ ನಿಂತು ಕೇಳಿದ್ದೆ. "ಒಂದೇ ರೈಫಲ್ ತಗೊಳ್ಳೋದಾದ್ರೆ ಎಲ್ಲದಕ್ಕೂ ಆಗೋದನ್ನೇ ತಗೋ, ನಾಳೆ ಎಲ್ಕ್ ಬೇಟೆಗೆ ಹೋದರೂ ಬೇಕಾಗುತ್ತೆ" ಅಂತ .300 ವಿಂಚೆಸ್ಟರ್ ಮ್ಯಾಗ್ನಮ್ ಕೈಗಿಟ್ಟರು. ಪ್ಲಾಸ್ಟಿಕ್ ಸ್ಟಾಕ್ (ಹೆಗಲಿಗೆ ಒರಗಿಸುವ ಭಾಗ), ಎತ್ತಿದರೆ ಹಗುರ. ಗುಡ್ಡ ಹತ್ತಲು ಸುಲಭ ಅಂತ ಖುಷಿಪಟ್ಟೆ. ಅದೇ ತೋಟಾ ಹೊಡೆಯುವ ರೈಫಲ್ ಹಗುರವಾದಷ್ಟೂ ಹೆಗಲಿಗೆ ಜೋರಾಗಿ ಒದೆಯುತ್ತದೆ ಅಂತ ಆಗ ಯಾರೂ ಹೇಳಲಿಲ್ಲ.

ಮೊದಲ ದಿನ ರೇಂಜ್‌ನಲ್ಲಿ ಹದಿನೈದು ಗುಂಡು ಹೊಡೆದೆ. ಮನೆಗೆ ಬಂದು ಅಂಗಿ ಬಿಚ್ಚಿದರೆ ಬಲಹೆಗಲು ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಕಂದಿದ ಚರ್ಮ ವಾರದಲ್ಲಿ ಸರಿಹೋಯ್ತು, ಒದೆತದ ಭಯ ಮಾತ್ರ ಒಳಗೆ ಉಳಿದುಕೊಂಡಿತು. ಆ ಸೀಸನ್‌ನಲ್ಲಿ 70 ಗಜ ದೂರದಲ್ಲಿ ಅಡ್ಡಲಾಗಿ ನಿಂತಿದ್ದ ಹೆಣ್ಣುಜಿಂಕೆಗೆ ಹೊಡೆದೆ. ಅಷ್ಟು ಹತ್ತಿರದಲ್ಲಿ ತಪ್ಪುವ ಮಾತೇ ಇಲ್ಲ ಅಂದುಕೊಂಡಿದ್ದೆ. ಗುಂಡು ಹೊಟ್ಟೆಗೆ ತಾಗಿತು. ಕತ್ತಲಾಗುವವರೆಗೂ ಹುಡುಕಿದೆವು. ಹಿಮದ ಮೇಲೆ ಅಲ್ಲೊಂದು ಇಲ್ಲೊಂದು ಹನಿ, ಅದೂ ಕೆಂಪಲ್ಲ, ಹಸಿರು ಬೆರೆತ ಕಂದು. ಮಾರನೇ ಬೆಳಿಗ್ಗೆ ತೊರೆಯ ಪಕ್ಕ ಸಿಕ್ಕಿತು, ಅಷ್ಟರಲ್ಲಿ ಕಾಯೋಟಿಗಳು ತಿಂದಿದ್ದವು. ಆ ಪ್ರಾಣಿ ಎಷ್ಟು ಗಂಟೆ ನರಳಿತೋ ಅನ್ನುವ ಲೆಕ್ಕ ಇವತ್ತಿಗೂ ನನ್ನ ತಲೆಯಿಂದ ಹೋಗಿಲ್ಲ. ನಿಮಗೆ ಇಷ್ಟುದ್ದ ಬರೆಯುತ್ತಿರುವುದೂ ಅದಕ್ಕೇ.

ಮುಂದಿನ ಬೇಸಿಗೆ ಗೆಳೆಯನೊಬ್ಬ ನನಗೆ ಕಾಣದಂತೆ ಮ್ಯಾಗಜೀನ್ ತುಂಬಿ ಕೊಟ್ಟ. ನಿಜವಾದ ತೋಟಾಗಳ ನಡುವೆ ಒಂದು ಡಮ್ಮಿ ಸೇರಿಸಿದ್ದ. ಎರಡನೇ ಸಲ ಟ್ರಿಗರ್ ಎಳೆದಾಗ ಬರೀ "ಟಕ್" ಅಂತು. ಸಿಡಿತವಿಲ್ಲ, ಒದೆತವಿಲ್ಲ. ಆದರೂ ನಳಿಗೆಯ ತುದಿ ಎರಡು ಬೆರಳಷ್ಟು ಕೆಳಗೆ ಬಾಗಿತು, ಹೆಗಲು ಮುಂದಕ್ಕೆ ನುಗ್ಗಿತು, ಕಣ್ಣು ಬಿಗಿಯಾಗಿ ಮುಚ್ಚಿತ್ತು. ಗುಂಡು ಹೊರಡುವ ಮೊದಲೇ ನನ್ನ ಮೈ ಏಟಿಗೆ ಬಗ್ಗುತ್ತಿತ್ತು. ಇದಕ್ಕೆ ಇಲ್ಲಿ ಫ್ಲಿಂಚ್ ಅಂತಾರೆ. ಒಮ್ಮೆ ಅಂಟಿದರೆ ಬಿಡಿಸಿಕೊಳ್ಳೋದು ಬಲು ಕಷ್ಟ. ನನಗೆ .22 ರೈಫಲ್‌ನಲ್ಲಿ ಒಂದು ಇಡೀ ಬೇಸಿಗೆ ಹಿಡಿಯಿತು. ಮ್ಯಾಗ್ನಮ್ ಮಾರಿ 7ಎಂಎಂ-08 ತಗೊಂಡೆ, ಆಮೇಲೆ ಬದಲಾಯಿಸುವ ಯೋಚನೆಯೇ ಬಂದಿಲ್ಲ.

ಇನ್ನು ಕ್ಯಾಲಿಬರ್, ಅಂದ್ರೆ ತೋಟಾದ ಅಳತೆ. ಇಲ್ಲಿನ ವೈಟ್‌ಟೇಲ್ ಜಿಂಕೆ ಹೆಚ್ಚುಕಡಿಮೆ ನಮ್ಮ ಚುಕ್ಕೆಜಿಂಕೆಯ ಗಾತ್ರದ್ದು, ಕಡವೆಯಂಥ ಭಾರಿ ಪ್ರಾಣಿ ಅಲ್ಲ. ಪೆನ್ಸಿಲ್ವೇನಿಯಾದ ಕಾಡಿನಲ್ಲಿ ಹೆಚ್ಚಿನ ಅವಕಾಶಗಳು 100 ಗಜದ ಒಳಗೇ ಸಿಗೋದು. ಆ ದೂರಕ್ಕೆ ನೀವು ಕೇಳಿದ ಯಾವ ತೋಟಾ ಆದರೂ ಸಾಕು. 1952ರ .308 ವಿಂಚೆಸ್ಟರ್‌ನ ಕವಚದ (ಮದ್ದು ತುಂಬುವ ಹಿತ್ತಾಳೆ ಕೊಳವೆಯ) ಕತ್ತನ್ನು ಕಿರಿದು ಮಾಡಿಯೇ 1955ರಲ್ಲಿ .243, 1980ರಲ್ಲಿ 7ಎಂಎಂ-08 ಬಂದವು. ಮೂರೂ ಒಂದೇ ಮನೆಯವು. .30-06 ಅಮೆರಿಕದ ಸೈನ್ಯದ 1906ರ ತೋಟಾ, .270 ಅದರದೇ 1925ರ ಮರಿ. 6.5 ಕ್ರೀಡ್‌ಮೂರ್ 2007ರಲ್ಲಿ ಗುರಿ ಸ್ಪರ್ಧೆಗಾಗಿ ಬಂದದ್ದು, ಬೇಟೆಯವರು ಆಮೇಲೆ ಹಿಡಿದುಕೊಂಡರು. ಜಿಂಕೆಗೆ ಇವುಗಳ ವ್ಯತ್ಯಾಸ ತಿಳಿಯೋದಿಲ್ಲ, ನಿಮ್ಮ ಹೆಗಲಿಗೆ ತಿಳಿಯುತ್ತೆ. ಎಂಟು ಪೌಂಡ್ ಆಸುಪಾಸಿನ ರೈಫಲ್‌ನಲ್ಲಿ .243ರ ಒದೆತ ಸುಮಾರು 10 ಅಡಿ-ಪೌಂಡ್ (ಒದೆತದ ಶಕ್ತಿಯ ಅಳತೆ), 6.5 ಮತ್ತು 7ಎಂಎಂ-08ರದ್ದು 12-13, .308ರದ್ದು 16-17, .30-06ರದ್ದು 20ರ ಹತ್ತಿರ. ನನ್ನ ಮ್ಯಾಗ್ನಮ್ 26ಕ್ಕೂ ಮೇಲಿತ್ತು.

62 ಕೆಜಿಯ ಹೊಸಬರಿಗೆ ನಾನು ಹೇಳೋದು 7ಎಂಎಂ-08 ಅಥವಾ 6.5 ಕ್ರೀಡ್‌ಮೂರ್. .308ರ ಒಂದು ಅನುಕೂಲ ಅಂದ್ರೆ ತೋಟಾ ಎಲ್ಲ ಅಂಗಡಿಯಲ್ಲೂ ಸಿಗುತ್ತೆ, ಅಭ್ಯಾಸದ ತೋಟಾ ಅಗ್ಗ. .243 ಅತಿ ಮೃದು, ಜಿಂಕೆ ಬೀಳಿಸುತ್ತೆ ಕೂಡ, ಆದರೆ 100 ಗ್ರೇನ್ ತೂಕದ ಸಣ್ಣ ಗುಂಡು ಸರಿಯಾದ ಜಾಗಕ್ಕೇ ಹೋಗಬೇಕು. ಹೊಸಬರ ಕೈಗೆ ಅದನ್ನು ಕೊಡಲು ನನಗೆ ಮನಸ್ಸಾಗಲ್ಲ. ಸಣ್ಣ ಮಕ್ಕಳಿಗೆ ಅದನ್ನೇ ಕೊಡುವವರು ಇಲ್ಲಿ ಬಹಳ ಮಂದಿ, ಅವರ ಜೊತೆ ನನ್ನ ವಾದ ಇದ್ದೇ ಇದೆ.

ಕಂಪನಿಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಸ್ಯಾವೇಜ್ ಆಕ್ಸಿಸ್, ರೂಗರ್ ಅಮೆರಿಕನ್, ಮಾಸ್‌ಬರ್ಗ್ ಪೇಟ್ರಿಯಟ್ ಎಲ್ಲವೂ ನಿಮ್ಮ ಬಜೆಟ್‌ನೊಳಗೆ ಬರುತ್ತವೆ, 100 ಗಜದಲ್ಲಿ ನಿಮಗಿಂತ ಚೆನ್ನಾಗಿ ಹೊಡೆಯುತ್ತವೆ. ಬೋಲ್ಟ್ ಆಕ್ಷನ್ (ಪ್ರತಿ ಗುಂಡಿಗೂ ಕೈಯಿಂದ ಬೋಲ್ಟ್ ಎಳೆಯುವಂಥದ್ದು) ತಗೊಳ್ಳಿ, ನಮ್ಮ ರಾಜ್ಯದಲ್ಲಿ ಜಿಂಕೆಗೆ ಸೆಮಿ-ಆಟೊಮ್ಯಾಟಿಕ್ ರೈಫಲ್ ನಡೆಯಲ್ಲ. ಸ್ಕೋಪ್ 3-9x40 ಸಾಕು, ಅಂದ್ರೆ ಮೂರರಿಂದ ಒಂಬತ್ತು ಪಟ್ಟು ದೊಡ್ಡದಾಗಿ ತೋರಿಸುವ, 40 ಮಿಮೀ ಗಾಜಿನದ್ದು. ಕಾಡಿನೊಳಗೆ ಕೂತಾಗ 3ರಲ್ಲೇ ಇಡಿ. 9ರಲ್ಲಿಟ್ಟು ಎತ್ತಿದರೆ ಕಾಣೋದು ಬರೀ ಕಂದು ಕೂದಲು, ಹೆಗಲು ಯಾವುದು ತೊಡೆ ಯಾವುದು ಗೊತ್ತಾಗಲ್ಲ.

ಕೊಲಂಬಸ್, ಓಹಾಯೋದಿಂದ:

ನೋಡ್ರಿ, ನಾ ಒಂದ ಮಾತ ಹೇಳ್ತೀನಿ. ರೈಫಲ್ ತಗೊಳ್ಳೂಕಿಂತ ಮೊದಲ ನಿಮ್ಮ ರಾಜ್ಯದ ನಿಯಮದ ಪುಸ್ತಕ ಓದ್ರಿ. ನಾ ಓದಲಿಲ್ಲ. 6.5 ಕ್ರೀಡ್‌ಮೂರ್ ಛಲೋ ಅಂತ ಎಲ್ಲಾರೂ ಹೇಳಿದ್ರು, ತಂದು ಮನ್ಯಾಗ ಇಟ್ಟೆ. ಆಮ್ಯಾಲ ತಿಳೀತು, ಓಹಾಯೋದಾಗ ಜಿಂಕಿಗೆ ಆ ತೋಟಾ ನಡೆಯೂದಿಲ್ಲ. ಇಲ್ಲೆ ಕವಚ ನೆಟ್ಟಗಿರಬೇಕು, ಕುತ್ತಿಗಿ ಸಣ್ಣ ಆಗಿರಬಾರದು. ಸ್ಟ್ರೇಟ್ ವಾಲ್ ಅಂತಾರ, 2014ರಿಂದ ಅಷ್ಟಕ್ಕ ಪರವಾನಗಿ. ಬಯಲು ಜಾಸ್ತಿ, ಮನಿ ಜಾಸ್ತಿ, ಗುಂಡು ಭಾಳ ದೂರ ಹೋಗಬಾರದು ಅನ್ನೂದು ವಿಚಾರ. ಈಗ .350 ಲೆಜೆಂಡ್ ಇಟ್ಕೊಂಡೀನಿ, 2019ರಾಗ ವಿಂಚೆಸ್ಟರ್‌ನವರು ಇಂಥಾ ರಾಜ್ಯಗಳ ಸಲುವಾಗೇ ತಂದದ್ದು. ಒದೆತ ಭಾಳ ಕಡಿಮಿ, 150 ಗಜದ ತನಕ ಕೆಲಸಕ್ಕ ಅಡ್ಡಿ ಇಲ್ಲ. ಪೆನ್ಸಿಲ್ವೇನಿಯಾದಾಗ ನಿಮಗ ಈ ತ್ರಾಸ ಇಲ್ಲ, ಆದ್ರ ಫಿಲಡೆಲ್ಫಿಯಾ, ಪಿಟ್ಸ್‌ಬರ್ಗ್ ಸುತ್ತಮುತ್ತ ಬ್ಯಾರೆ ನಿಯಮ ಅದಾವ. ಮುಂದ ಆ ಕಡೆ ಯಾರರೆ ಕರದ್ರ ಮೊದಲ ವಿಚಾರಿಸ್ರಿ.

ವಿಸ್ಕಾನ್ಸಿನ್‌ನಿಂದ:

ನಾನು 5 ಅಡಿ 2 ಇಂಚು. ಕ್ಯಾಲಿಬರ್ ಬಗ್ಗೆ ಎಲ್ಲರೂ ಹೇಳ್ತಾರೆ, ಸ್ಟಾಕ್‌ನ ಉದ್ದದ ಬಗ್ಗೆ ಯಾರೂ ಹೇಳಲ್ಲ. ಟ್ರಿಗರ್‌ನಿಂದ ಹಿಂಬದಿಯ ಪ್ಯಾಡ್‌ವರೆಗಿನ ಅಳತೆಗೆ ಲೆಂತ್ ಆಫ್ ಪುಲ್ ಅಂತಾರೆ. ಸಾಮಾನ್ಯ ರೈಫಲ್‌ಗಳಲ್ಲಿ ಇದು 13.5 ಇಂಚಿನ ಮೇಲೆ. ಅಂಗಡಿಯಲ್ಲಿ ಟೀ ಶರ್ಟ್ ಹಾಕಿಕೊಂಡು ಎತ್ತಿ ನೋಡಿದಾಗ ನನಗೆ ಪರವಾಗಿಲ್ಲ ಅನ್ನಿಸಿತ್ತು. ನವೆಂಬರ್ ಬಂತು, ಎರಡು ಸ್ವೆಟರ್, ಅದರ ಮೇಲೆ ದಪ್ಪ ಕಿತ್ತಳೆ ಜಾಕೆಟ್. ಪ್ಯಾಡ್ ಹೆಗಲಿನ ಗುಳಿಗೆ ಕೂರದೆ ತೋಳಿನ ಮೇಲೆ ಕೂತಿತು. ಸ್ಕೋಪ್‌ನಲ್ಲಿ ಚಿತ್ರ ಪೂರ್ತಿ ಕಾಣಲಿಲ್ಲ ಅಂತ ಕತ್ತು ಮುಂದೆ ಚಾಚಿ ಹೊಡೆದೆ, ಸ್ಕೋಪ್‌ನ ಅಂಚು ಹುಬ್ಬಿಗೆ ಬಡಿದು ನಾಲ್ಕು ಹೊಲಿಗೆ. ಗುರುತು ಇನ್ನೂ ಇದೆ.

ಈಗ ರೂಗರ್ ಅಮೆರಿಕನ್‌ನ ಕಾಂಪ್ಯಾಕ್ಟ್ ಇಟ್ಟುಕೊಂಡಿದ್ದೇನೆ, 12.5 ಇಂಚು. ನಿಮಗೆ ಅಷ್ಟು ಗಿಡ್ಡದ್ದು ಬೇಕಾಗದೆ ಇರಬಹುದು. ಆದರೆ ಅಂಗಡಿಗೆ ಹೋಗುವಾಗ ಚಳಿಗಾಲದ ಜಾಕೆಟ್ ತಗೊಂಡು ಹೋಗಿ. ಕಣ್ಣು ಮುಚ್ಚಿ, ರೈಫಲ್ ಹೆಗಲಿಗೆ ಏರಿಸಿ, ಆಮೇಲೆ ಕಣ್ಣು ಬಿಡಿ. ಸ್ಕೋಪ್ ಪೂರ್ತಿ ದುಂಡಗೆ ಕಂಡರೆ ಅದು ನಿಮ್ಮ ಅಳತೆಯದು, ಅಂಚಿನಲ್ಲಿ ಕಪ್ಪು ಚಂದ್ರ ಕಂಡರೆ ಬೇರೆ ನೋಡಿ. ಯಾವ ಕಣ್ಣು ಪ್ರಧಾನ ಅಂತಲೂ ಪರೀಕ್ಷಿಸಿಕೊಳ್ಳಿ. ನನ್ನ ಗಂಡ ಬಲಗೈಯವರು, ಎಡಗಣ್ಣು ಪ್ರಧಾನ. ಅದು ತಿಳಿಯುವವರೆಗೆ ಎರಡು ವರ್ಷ ರೈಫಲ್ಲನ್ನೇ ಬೈದರು.

ಡಲ್ಲಾಸ್‌ನಿಂದ:

ಪ್ರಶ್ನೆ ಕೇಳಿದವರಿಗೆ ಗ್ರೀನ್ ಕಾರ್ಡ್ ಇದೆ, ತೊಂದರೆ ಇಲ್ಲ. ಆದರೆ ಇದನ್ನು ಓದುವ ನಮ್ಮವರಲ್ಲಿ ಎಚ್-1ಬಿ ಕೆಲಸದ ವೀಸಾ ಇರುವವರು ಬಹಳ, ಅವರಿಗಾಗಿ ಇದು. ಫೆಡರಲ್ ಕಾನೂನಿನ ಪ್ರಕಾರ ಎಚ್-1ಬಿಯಂಥ ವೀಸಾದಲ್ಲಿ ಇರುವವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವಂತಿಲ್ಲ. ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ. ಲೈಸೆನ್ಸ್ ಅವಧಿ ಮುಗಿದ ದಿನ ಆ ವಿನಾಯಿತಿಯೂ ಮುಗಿಯಿತು, ರೈಫಲ್ ಬೀರುವಿನಲ್ಲಿ ಸುಮ್ಮನೆ ಕೂತಿದ್ದರೂ ಅದು ಅಪರಾಧವೇ. ಪೆನ್ಸಿಲ್ವೇನಿಯಾದ ಲೈಸೆನ್ಸ್ ಜೂನ್ 30ಕ್ಕೆ ಮುಗಿಯುತ್ತೆ. ನವೀಕರಣ ಒಂದು ದಿನವೂ ತಡ ಮಾಡಬೇಡಿ. ವಕೀಲರ ಹತ್ತಿರ ಒಮ್ಮೆ ಕೇಳಿಕೊಳ್ಳಿ, ವರ್ಷಗಟ್ಟಲೆ ಕಾದ ಕಾಗದಪತ್ರ ಒಂದು ರೈಫಲ್‌ಗಾಗಿ ಹಾಳಾಗೋದು ಬೇಡ.

ಮಡಿಕೇರಿಯಿಂದ:

ಅಜ್ಜನ ಮನೆಯ ಕೋವಿಯ ಮಾತು ಬಂದಿದ್ದಕ್ಕೆ ಹೇಳುತ್ತಿದ್ದೇನೆ. ನಮ್ಮ ಕೊಡವ ಮನೆಗಳಲ್ಲಿ ಕೋವಿಗೆ ಲೈಸೆನ್ಸ್ ವಿನಾಯಿತಿ ಇದೆ, ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್ ದಿನ ಹೂವಿಟ್ಟು ಪೂಜೆ ಮಾಡುತ್ತೇವೆ. ಆದರೆ 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ಕಾಡುಪ್ರಾಣಿಗೆ ಗುರಿಯಿಡುವ ಹಾಗಿಲ್ಲ, ನಾವು ಹೊಡೆಯುವುದು ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ. ಅಲ್ಲಿ ಕಲಿತು ಇಲ್ಲಿಗೆ ರಜೆಗೆ ಬಂದು ಕಾಡಿಗೆ ಹೋಗೋಣ ಅನ್ನುವವರು ಇದ್ದಾರೆ, ದಯವಿಟ್ಟು ಬೇಡ. ನನ್ನ ತಂದೆ ಕೋವಿ ಕೈಗೆ ಕೊಡುವಾಗ ಪ್ರತಿ ಸಲವೂ ಬಿಚ್ಚಿ ತೋರಿಸಿಯೇ ಕೊಡುತ್ತಿದ್ದರು, ಐದು ನಿಮಿಷ ಮೊದಲು ತಾವೇ ಖಾಲಿ ಮಾಡಿದ್ದರೂ ಸರಿ. ನಿಮ್ಮ ಪಕ್ಕದ ಮನೆಯ ಹಿರಿಯರೂ ಹಾಗೆ ಮಾಡುತ್ತಾರಾ ನೋಡಿ. ಮಾಡದಿದ್ದರೆ ಅವರ ಜೊತೆ ಕಾಡಿಗೆ ಹೋಗಬೇಡಿ.

ಹ್ಯಾರಿಸ್‌ಬರ್ಗ್‌ನಿಂದ:

ಎಲ್ಲರಿಗೂ ಧನ್ಯವಾದ. ಜಾಕೆಟ್ ಹಾಕಿಕೊಂಡೇ ಹೋಗಿದ್ದೆ. ನಾಲ್ಕು ರೈಫಲ್ ಎತ್ತಿ ನೋಡಿದೆ, ಎರಡರಲ್ಲಿ ಆ ಕಪ್ಪು ಚಂದ್ರ ಕಂಡಿತು. 7ಎಂಎಂ-08ರ ಕಡೆ ಮನಸ್ಸು ವಾಲಿದೆ, ಇನ್ನೂ ದುಡ್ಡು ಕೊಟ್ಟಿಲ್ಲ. ಹಿರಿಯರು ರೈಫಲ್ ತೋರಿಸುವಾಗ ಮೊದಲು ಬೋಲ್ಟ್ ತೆಗೆದು ಒಳಗೆ ಬೆರಳಿಟ್ಟು ನೋಡಿದರು, ಸಮಾಧಾನ ಆಯ್ತು. ಝೀರೋ ಮಾಡೋದು (ಸ್ಕೋಪ್ ತೋರಿಸಿದಲ್ಲೇ ಗುಂಡು ಬೀಳುವಂತೆ ಹೊಂದಿಸೋದು) ಹೇಗೆ, ಎಷ್ಟು ತೋಟಾ ಬೇಕು?

ಲ್ಯಾಂಕಾಸ್ಟರ್‌ನಿಂದ:

ಒಂದೇ ಬ್ರ್ಯಾಂಡು, ಒಂದೇ ತೂಕದ ಗುಂಡು, 20ರ ಮೂರು ಡಬ್ಬಿ ತಗೊಳ್ಳಿ. ಮೊದಲು 25 ಗಜ, ಆಮೇಲೆ 100. ಮೂರು ಗುಂಡು ಹೊಡೆದು, ಮೂರರ ನಡುವನ್ನು ನೋಡಿ ಸ್ಕೋಪ್‌ನ ತಿರುಗಣೆ ತಿರುಗಿಸಿ. ಸಾಮಾನ್ಯ ಸ್ಕೋಪ್‌ನಲ್ಲಿ ನಾಲ್ಕು ಕ್ಲಿಕ್ ಅಂದ್ರೆ 100 ಗಜದಲ್ಲಿ ಒಂದು ಇಂಚು. ದಿನಕ್ಕೆ ಹದಿನೈದಕ್ಕಿಂತ ಹೆಚ್ಚು ಬೇಡ, ನಡುವೆ ಡಮ್ಮಿ ಸೇರಿಸಲು ಯಾರಿಗಾದರೂ ಹೇಳಿ. ಬೆಂಚಿನ ಮೇಲೆ ಝೀರೋ ಆದಮೇಲೆ ಕೂತು, ಮಂಡಿಯೂರಿ, ಮರಕ್ಕೆ ಒರಗಿ ಹೊಡೆಯಿರಿ, ಕಾಡಿನಲ್ಲಿ ಬೆಂಚ್ ಇರಲ್ಲ. ಎಂಟು ಇಂಚು ಅಗಲದ ಕಾಗದದ ಪ್ಲೇಟ್ ಇಡಿ. ಐದಕ್ಕೆ ಐದೂ ಅದರೊಳಗೆ ಬೀಳುವ ದೂರ ಎಷ್ಟೋ, ಈ ವರ್ಷ ನಿಮ್ಮ ದೂರ ಅಷ್ಟೇ.

ದುಡ್ಡು ಕೊಡುವ ಮೊದಲು ಒಂದು ಶನಿವಾರ ಬಿಡುವು ಮಾಡಿಕೊಳ್ಳಿ. ನನ್ನ 7ಎಂಎಂ-08, ಗೆಳೆಯನ .308, ಅವನ ಮಗಳ 6.5 ಮೂರನ್ನೂ ರೇಂಜ್‌ಗೆ ತರುತ್ತೇವೆ. ಐದೈದು ಗುಂಡು ಹೊಡೆದು ನೋಡಿ. ಕಿವಿಗೆ ಮಫ್ ನನ್ನ ಹತ್ತಿರ ಇನ್ನೊಂದು ಜೊತೆ ಇದೆ, ಜಾಕೆಟ್ ಮಾತ್ರ ನಿಮ್ಮದೇ ತನ್ನಿ.